ಗ್ರೋವ್ ಕಾರ್ಲ್ ಗಿಲ್ಬರ್ಟ್: ಹೆನ್ರಿ ಪರ್ವತಗಳ ಭೂವೈಜ್ಞಾನಿಕ ನಕ್ಷೆ ಮತ್ತು ಸಂಶೋಧನೆಯ ನೀತಿ

1

ಸಂಶೋಧನೆಯ ವಿಧಿವಿಧಾನಗಳನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಆಕರಗಳ ಸಂಗ್ರಹ, ವಿಶ್ಲೇಷಣೆ, ತೀರ್ಮಾನ ಎಂಬ ಮೂರು ಹಂತಗಳಲ್ಲಿ ಮುಗಿಯುತ್ತವೆ. ತನ್ನ ತೀರ್ಮಾನ ತಪ್ಪಾಗಿದ್ದರೆ ಅದನ್ನು ತೋರಿಸಿಕೊಡಲು ಮುಂದಿನವರಿಗೆ ದಾರಿ ತೆರೆದಿಡುವುದೂ ಸಂಶೋಧಕನ ಹೊಣೆ ಎಂಬ ಅಂಶಕ್ಕೆ ಅಷ್ಟಾಗಿ ಒತ್ತು ದೊರೆಯುವುದಿಲ್ಲ. ಈ ದೃಷ್ಟಿಯಿಂದ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ (1843–1918) ಅವರ ಬದುಕು ಪರಿಶೀಲನೆಗೆ ಅರ್ಹವಾಗಿದೆ. ಆಗಿನ ಯೂಟಾ ಪ್ರಾಂತ್ಯದ ಮರುಭೂಮಿಯಲ್ಲಿದ್ದ ಹೆನ್ರಿ ಪರ್ವತಶ್ರೇಣಿಯನ್ನು 1875 ಮತ್ತು 1876ರಲ್ಲಿ ಅಧ್ಯಯನ ಮಾಡಿ ಅವರು ರೂಪಿಸಿದ ನಕ್ಷೆ ಮತ್ತು ವರದಿಗಳು ಭೂವಿಜ್ಞಾನದ ಅಭಿಜಾತ ಕೃತಿಗಳ ಸಾಲಿನಲ್ಲಿ ನಿಂತಿವೆ. ಅದೇ ಗಿಲ್ಬರ್ಟ್ ಹದಿನೈದು ವರ್ಷಗಳ ಅನಂತರ ಅರಿಜೋನಾದ ಒಣಭೂಮಿಯಲ್ಲಿರುವ ಒಂದು ಕುಳಿಯನ್ನು ಅಷ್ಟೇ ಎಚ್ಚರದಿಂದ ಪರೀಕ್ಷಿಸಿ ತಪ್ಪು ತೀರ್ಮಾನಕ್ಕೆ ಬಂದರು. ಒಂದೇ ವಿಧಾನವು ಎರಡು ಕಡೆ ಎರಡು ಬಗೆಯ ಫಲ ಕೊಟ್ಟಿದ್ದು ಹೇಗೆ, ಎರಡೂ ಬರಹಗಳು ಇಂದಿಗೂ ಏಕೆ ಗೌರವಕ್ಕೆ ಪಾತ್ರವಾಗಿವೆ ಎಂಬುದನ್ನು ಅವರ ಜೀವನದ ಹಿನ್ನೆಲೆಯಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2

ಗಿಲ್ಬರ್ಟ್ ಹುಟ್ಟಿದ್ದು 1843ರ ಮೇ 6ರಂದು, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಪಟ್ಟಣದಲ್ಲಿ. ತಂದೆ ಗ್ರೋವ್ ಶೆಲ್ಡನ್ ಗಿಲ್ಬರ್ಟ್ ಸ್ವಂತ ಪರಿಶ್ರಮದಿಂದ ಕಲಿತ ಭಾವಚಿತ್ರಕಾರರು. ಹಣಕಾಸಿನ ಅನುಕೂಲ ಹೆಚ್ಚಾಗಿರದ ಮನೆ. ರೋಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅವರು ಪಡೆದ ಶಿಕ್ಷಣದಲ್ಲಿ ಪ್ರಾಚೀನ ಭಾಷೆಗಳಿಗೂ ಗಣಿತಕ್ಕೂ ಪ್ರಾಧಾನ್ಯವಿತ್ತು. ಭೂವಿಜ್ಞಾನದ ಪಾಲು ಅತ್ಯಲ್ಪ. ಆದರೆ ಗ್ರೀಕ್ ಭಾಷೆಯ ಪರಿಚಯ ಮತ್ತು ಗಣಿತದ ಶಿಸ್ತು ಇವೆರಡೂ ಮುಂದೆ ಹೆನ್ರಿ ಪರ್ವತಗಳ ವರದಿಯಲ್ಲಿ ಒಟ್ಟಿಗೆ ಕೆಲಸ ಮಾಡಿರುವುದನ್ನು ಕಾಣಬಹುದು.

1862ರಲ್ಲಿ ಪದವಿ ಪಡೆದ ಗಿಲ್ಬರ್ಟ್ ಮಿಶಿಗನ್ ರಾಜ್ಯದ ಜಾಕ್ಸನ್ ಊರಿನಲ್ಲಿ ಕೆಲಕಾಲ ಶಾಲಾ ಉಪಾಧ್ಯಾಯರಾಗಿದ್ದರು. ತರಗತಿಯನ್ನು ಹತೋಟಿಯಲ್ಲಿಡುವುದು ಅವರಿಗೆ ಒಗ್ಗಲಿಲ್ಲ. ರೋಚೆಸ್ಟರ್‌ಗೆ ಮರಳಿ, ತಮ್ಮ ಗುರುಗಳಾಗಿದ್ದ ಹೆನ್ರಿ ವಾರ್ಡ್ ಅವರ ಸಂಸ್ಥೆಯಲ್ಲಿ ಐದು ವರ್ಷ ದುಡಿದರು. ವಸ್ತುಸಂಗ್ರಹಾಲಯಗಳಿಗೆ ಶಿಲೆ, ಖನಿಜ, ಪಳೆಯುಳಿಕೆಗಳನ್ನು ಒದಗಿಸುವ ಸಂಸ್ಥೆ ಅದು. ಪೆಟ್ಟಿಗೆಗಳಲ್ಲಿ ಬಂದ ಮಾದರಿಗಳನ್ನು ವಿಂಗಡಿಸಿ, ಹೆಸರಿಸಿ, ಚೀಟಿ ಅಂಟಿಸುವ ಕೆಲಸ ಅವರ ಕಣ್ಣನ್ನು ಪಳಗಿಸಿತು. ಇದೇ ಅವಧಿಯಲ್ಲಿ ಕೊಹೋಸ್ ಎಂಬಲ್ಲಿ ಮಾಸ್ಟೊಡಾನ್ ಎಂಬ ಪ್ರಾಚೀನ ಆನೆಯ ಜಾತಿಯ ಅಸ್ಥಿಪಂಜರ ದೊರೆತು, ಅದರ ಕೆಲಸಕ್ಕೆ ಅವರು ಹೋಗಬೇಕಾಯಿತು. ಮೂಳೆಗಳು ಸಿಕ್ಕಿದ್ದು ನೀರು ಸುತ್ತಿ ಸುತ್ತಿ ಬಂಡೆಯಲ್ಲಿ ಕೊರೆದ ಗುಂಡಿಯೊಂದರಲ್ಲಿ. ಅಲ್ಲಿ ಅವರ ಗಮನ ಮೂಳೆಗಳಿಂದ ಗುಂಡಿಗಳ ಕಡೆಗೆ, ಗುಂಡಿಗಳಿಂದ ಪಕ್ಕದ ಜಲಪಾತ ಹಿಂದೆ ಸರಿಯುವ ಬಗೆಯ ಕಡೆಗೆ ಹರಿಯಿತು. ಇರುವ ವಸ್ತುವನ್ನು ವರ್ಗೀಕರಿಸುವ ಕೆಲಸದಿಂದ ನಡೆಯುತ್ತಿರುವ ಕ್ರಿಯೆಯನ್ನು ಅರಿಯುವ ಕೆಲಸಕ್ಕೆ ಅವರು ಹೊರಳಿದ್ದು ಇಲ್ಲಿಂದಲೇ ಎನ್ನಬಹುದು.

1869ರಲ್ಲಿ ಓಹಾಯೊ ರಾಜ್ಯದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಜಾನ್ ನ್ಯೂಬರಿ ಅವರ ಕೈಕೆಳಗೆ ಸೇರಿದ ಗಿಲ್ಬರ್ಟ್, 1871ರಲ್ಲಿ ಲೆಫ್ಟಿನೆಂಟ್ ಜಾರ್ಜ್ ವ್ಹೀಲರ್ ಅವರ ಸೈನಿಕ ಸರ್ವೇಕ್ಷಣೆಯ ಜೊತೆ ಪಶ್ಚಿಮದ ಒಣಭೂಮಿಯನ್ನು ಪ್ರವೇಶಿಸಿದರು. ನೆವಾಡಾ, ಡೆತ್ ವ್ಯಾಲಿ, ಕೊಲರಾಡೊ ನದಿಯ ಕಮರಿಗಳು ಮೊದಲ ಋತುವಿನಲ್ಲೇ ಅವರಿಗೆ ಪರಿಚಯವಾದವು. ನೆವಾಡಾ ಮತ್ತು ಪಶ್ಚಿಮ ಯೂಟಾದಲ್ಲಿ ಉತ್ತರ ದಕ್ಷಿಣವಾಗಿ ಚಾಚಿಕೊಂಡ ಹತ್ತಾರು ಬೆಟ್ಟಸಾಲುಗಳು, ಅವುಗಳ ನಡುವೆ ಬರಡು ಬಯಲುಗಳು. ಪದರಗಳು ಮಡಿಚಿಕೊಂಡು ಬೆಟ್ಟಗಳಾಗುತ್ತವೆ ಎಂಬುದು ಆಗ ಚಾಲ್ತಿಯಲ್ಲಿದ್ದ ತಿಳಿವಳಿಕೆ. ಈ ಸಾಲುಗಳು ಹಾಗೆ ಆಗಿಲ್ಲ, ಭೂಮಿಯ ಹೊರಪದರ ಬಿರುಕು ಬಿಟ್ಟು ಒಂದು ಪಾರ್ಶ್ವ ಮೇಲೆದ್ದು ಇನ್ನೊಂದು ಕುಸಿದು ಆಗಿವೆ, ಅಂದರೆ ಸ್ತರಭಂಗದ ಫಲ ಎಂದು ಗಿಲ್ಬರ್ಟ್ ವಾದಿಸಿದರು. ಸೈನ್ಯದ ತಂಡ ದಿನವೂ ಮುಂದೆ ಸಾಗುತ್ತಿದ್ದುದರಿಂದ ಒಂದು ಬೆಟ್ಟವನ್ನು ನಿಂತು ನೋಡಲು ಅವಕಾಶವಿರಲಿಲ್ಲ. ಆ ಕೊರತೆ ನೀಗಿದ್ದು 1874ರ ಕೊನೆಯಲ್ಲಿ, ಜಾನ್ ವೆಸ್ಲಿ ಪವೆಲ್ ಅವರ ಸರ್ವೇಕ್ಷಣೆಗೆ ಸೇರಿದಾಗ. ಅದೇ ವರ್ಷದ ನವೆಂಬರಿನಲ್ಲಿ ಫ್ಯಾನಿ ಪೋರ್ಟರ್ ಅವರೊಡನೆ ಗಿಲ್ಬರ್ಟ್ ಅವರ ವಿವಾಹವೂ ನಡೆಯಿತು.

3

ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಪವೆಲ್ 1869ರಲ್ಲಿ ಕೊಲರಾಡೊ ನದಿಯಲ್ಲಿ ದೋಣಿಯ ಮೇಲೆ ಸಾಗುವಾಗ ಪಶ್ಚಿಮಕ್ಕೆ ಒಂದು ಬೆಟ್ಟಗುಂಪನ್ನು ಕಂಡಿದ್ದರು. ಯಾವ ನಕ್ಷೆಯಲ್ಲೂ ಸರಿಯಾಗಿ ಗುರುತಾಗಿರದ ಅವುಗಳನ್ನು ಮೊದಲು ಅಜ್ಞಾತ ಪರ್ವತಗಳೆಂದೇ ಕರೆಯಲಾಯಿತು. ಅನಂತರ ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥ, ಭೌತವಿಜ್ಞಾನಿ ಜೋಸೆಫ್ ಹೆನ್ರಿ ಅವರ ಹೆಸರನ್ನು ಪವೆಲ್ ಅವಕ್ಕೆ ಇಟ್ಟರು. ಎಲೆನ್, ಪೆನೆಲ್, ಹಿಲರ್ಸ್, ಎಲ್ಸ್‌ವರ್ತ್, ಹೋಮ್ಸ್ ಎಂಬ ಐದು ಮುಖ್ಯ ಶಿಖರಗಳು. ಎಲೆನ್ ಶಿಖರದ ಎತ್ತರ ಸುಮಾರು 3,500 ಮೀಟರ್. ಅಮೆರಿಕದ ಮುಖ್ಯ ಭೂಭಾಗದಲ್ಲಿ ಎಲ್ಲಕ್ಕಿಂತ ಕೊನೆಗೆ ನಕ್ಷೆಗೆ ಸೇರಿದ ಪರ್ವತಶ್ರೇಣಿ ಇದೆಂಬ ಪ್ರಸಿದ್ಧಿಯಿದೆ.

1875ರಲ್ಲಿ ಗಿಲ್ಬರ್ಟ್‌ಗೆ ಅಲ್ಲಿ ದೊರೆತದ್ದು ಒಂದು ವಾರದಷ್ಟು ಕಾಲ ಮಾತ್ರ. ಮರುವರ್ಷ ಸರಕು ಹೊರುವ ಹೇಸರಗತ್ತೆಗಳೊಡನೆ ಬಂದು ಎರಡು ತಿಂಗಳು ಕೆಲಸ ಮಾಡಿದರು. ಭೂಲಕ್ಷಣದ ನಕ್ಷೆಯ ಹೊಣೆ ವಾಲ್ಟರ್ ಗ್ರೇವ್ಸ್ ಅವರದು. ಗಿಡಮರಗಳೂ ಮಣ್ಣೂ ವಿರಳವಾದ ಆ ಪ್ರದೇಶದಲ್ಲಿ ಶಿಲಾಪದರಗಳು ಬೆತ್ತಲಾಗಿ ನಿಂತಿವೆ. ಜನವಸತಿಗೆ ಪ್ರತಿಕೂಲವಾದ ಬರಡುತನವೇ ಭೂವಿಜ್ಞಾನಿಗೆ ಅನುಕೂಲ. ಒಂದು ಪದರವನ್ನು ಮೈಲಿಗಟ್ಟಲೆ ಕಣ್ಣಳತೆಯಲ್ಲೇ ಹಿಂಬಾಲಿಸಬಹುದು. ಅದು ಎಲ್ಲಿ ಮಟ್ಟಸವಾಗಿದೆ, ಎಲ್ಲಿ ಮೇಲಕ್ಕೆ ಬಾಗುತ್ತದೆ, ಎಲ್ಲಿ ಕಡಿದುಹೋಗಿದೆ ಎಂಬುದನ್ನು ಗುರುತಿಸಬಹುದು.

ಹೀಗೆ ಹಿಂಬಾಲಿಸಿದಾಗ ಒಂದು ವಿಚಿತ್ರ ಸಂಗತಿ ಕಂಡಿತು. ಸುತ್ತಲಿನ ಮರುಭೂಮಿಯಲ್ಲಿ ಬಹುತೇಕ ಮಟ್ಟಸವಾಗಿದ್ದ ಮರಳುಗಲ್ಲು ಮತ್ತು ಜೇಡುಶಿಲೆಯ ಪದರಗಳು ಬೆಟ್ಟದ ಸಮೀಪ ಬಂದಂತೆ ಎಲ್ಲ ದಿಕ್ಕುಗಳಿಂದಲೂ ಬೆಟ್ಟದ ನಡುವಿನ ಕಡೆಗೆ ಏರುತ್ತಿದ್ದವು. ನಡುವೆ ಇದ್ದದ್ದು ಕರಗಿ ಗಟ್ಟಿಯಾದ ಅಗ್ನಿಶಿಲೆ. ಇವು ಜ್ವಾಲಾಮುಖಿಗಳಾಗಿದ್ದರೆ ಲಾವಾ ಹೊರಗೆ ಹರಿದು ಪದರಗಳ ಮೇಲೆ ಹರಡಿರಬೇಕಿತ್ತು. ಅಂಥ ಕುರುಹು ಅವರಿಗೆ ದೊರೆಯಲಿಲ್ಲ. ಅಗ್ನಿಶಿಲೆಯ ಮೇಲೂ ಪದರಗಳಿದ್ದವು, ಕೆಳಗೂ ಇದ್ದವು. ಮೇಲಿನವು ಗುಮ್ಮಟದಂತೆ ಉಬ್ಬಿದ್ದರೆ ಕೆಳಗಿನವು ಮಟ್ಟಸವಾಗಿಯೇ ಉಳಿದಿದ್ದವು. ಆಳದಿಂದ ಏರಿದ ಶಿಲಾಪಾಕ ಭೂಮಿಯ ಮೇಲ್ಮೈಯನ್ನು ತಲುಪದೆ, ಎರಡು ಪದರಗಳ ನಡುವೆ ನುಗ್ಗಿ, ಮೇಲಿನ ಹೊದಿಕೆಯನ್ನು ಎತ್ತಿ, ತನಗೆ ಬೇಕಾದ ಜಾಗವನ್ನು ತಾನೇ ಮಾಡಿಕೊಂಡು ಅಲ್ಲೇ ಗಟ್ಟಿಯಾಗಿದೆ ಎಂಬ ನಿರ್ಣಯಕ್ಕೆ ಗಿಲ್ಬರ್ಟ್ ಬಂದರು. ಶಿಲಾಪಾಕಕ್ಕೆ ಸಾವಿರಾರು ಅಡಿ ದಪ್ಪದ ಬಂಡೆಯನ್ನು ಎತ್ತುವ ಶಕ್ತಿಯಿದೆ ಎಂಬುದು ಅಂದು ಸುಲಭವಾಗಿ ಒಪ್ಪಿಗೆಯಾಗುವ ಮಾತಾಗಿರಲಿಲ್ಲ.

ಈ ರಚನೆಗೆ ಒಂದು ಹೆಸರು ಬೇಕಾಯಿತು. ನೀರಿನ ತೊಟ್ಟಿ ಮತ್ತು ಕಲ್ಲು ಎಂಬ ಅರ್ಥಗಳ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅವರು ಲ್ಯಾಕೊಲೈಟ್ ಎಂಬ ಪದವನ್ನು ಟಂಕಿಸಿದರು. ಅದೇ ಮುಂದೆ ಲ್ಯಾಕೊಲಿತ್ ಎಂದು ರೂಢಿಗೆ ಬಂದಿತು. ಪಾರಿಭಾಷಿಕ ಪದವೊಂದು ವಸ್ತುವಿನ ಆಕಾರವನ್ನಷ್ಟೇ ಅಲ್ಲದೆ ಅದು ಉಂಟಾದ ಬಗೆಯನ್ನೂ ಸೂಚಿಸಬಲ್ಲದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

4

1877ರಲ್ಲಿ ಪ್ರಕಟವಾದ ಹೆನ್ರಿ ಪರ್ವತಗಳ ವರದಿಯ ವೈಶಿಷ್ಟ್ಯ ಅದರ ವಾದಸರಣಿಯಲ್ಲಿದೆ. ಐದು ಬೆಟ್ಟಗಳೂ ಒಂದೇ ಕ್ರಿಯೆಯ ಫಲವಾದರೂ ಸವೆತದ ಬೇರೆ ಬೇರೆ ಹಂತಗಳಲ್ಲಿವೆ ಎಂಬುದನ್ನು ಗಿಲ್ಬರ್ಟ್ ಗುರುತಿಸಿದರು. ಒಂದೆಡೆ ಗುಮ್ಮಟ ಇನ್ನೂ ಮುಚ್ಚಿಕೊಂಡಿದೆ. ಒಳಗಿನ ಶಿಲೆ ಕಾಣುವುದಿಲ್ಲ. ಇನ್ನೊಂದೆಡೆ ಹೊದಿಕೆ ಅರ್ಧ ಕಳಚಿದೆ. ಮತ್ತೊಂದೆಡೆ ಹೊದಿಕೆ ಪೂರ್ತಿ ಹೋಗಿ ಒಳಗಿನ ಶಿಲೆಯೂ ಕರಗತೊಡಗಿದೆ. ಇವೆಲ್ಲವನ್ನೂ ಸಾಲಾಗಿ ಜೋಡಿಸಿದಾಗ ಕಾಣದ ಭಾಗವನ್ನು ಕಂಡ ಭಾಗ ಪೂರೈಸುತ್ತದೆ. ಬೆಟ್ಟಗಳು ಇಂದು ಇರುವ ರೂಪದ ಉಬ್ಬುಮಾದರಿಯೊಂದನ್ನೂ ಸವೆದುಹೋದ ಪದರಗಳನ್ನೆಲ್ಲ ಮರಳಿ ಕೂಡಿಸಿದ ರೂಪದ ಇನ್ನೊಂದನ್ನೂ ಅವರು ಸಿದ್ಧಪಡಿಸಿದರು. ತ್ರುಟಿತವಾದ ಹಲವು ಓಲೆಪ್ರತಿಗಳನ್ನು ಹೋಲಿಸಿ, ಒಂದರ ಲೋಪವನ್ನು ಇನ್ನೊಂದರಿಂದ ತುಂಬಿ ಮೂಲಪಾಠವನ್ನು ಮರುರಚಿಸುವ ಗ್ರಂಥಸಂಪಾದಕನ ಕೆಲಸ ಇದಕ್ಕೆ ತೀರ ದೂರದ್ದಲ್ಲ. ಉಳಿದಿರುವುದು ಯಾವುದು, ತಾವು ಕೂಡಿಸಿದ್ದು ಯಾವುದು ಎಂಬುದನ್ನು ಎರಡು ಬೇರೆ ಮಾದರಿಗಳಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿರುವುದು ಇಲ್ಲಿ ಗಮನಾರ್ಹ.

ವಿವರಣೆಯನ್ನು ಅವರು ಗಣಿತದ ಪರೀಕ್ಷೆಗೂ ಒಡ್ಡಿದರು. ಪದರಗಳ ನಡುವೆ ಹರಡಿದ ಶಿಲಾಪಾಕ ಮೇಲಕ್ಕೆ ಒತ್ತುವ ಬಲ ಅದರ ವಿಸ್ತೀರ್ಣವನ್ನು, ಎಂದರೆ ವ್ಯಾಸದ ವರ್ಗವನ್ನು, ಅವಲಂಬಿಸುತ್ತದೆ. ಹೊದಿಕೆ ಅಂಚಿನಲ್ಲಿ ಒಡ್ಡುವ ಪ್ರತಿರೋಧ ಪರಿಧಿಯನ್ನು, ಎಂದರೆ ಕೇವಲ ವ್ಯಾಸವನ್ನು, ಅವಲಂಬಿಸುತ್ತದೆ. ಹಾಗಾಗಿ ಶಿಲಾಪಾಕ ಕಿರಿದಾಗಿ ಹರಡಿರುವಾಗ ಹೊದಿಕೆಯ ಪ್ರತಿರೋಧ ಮೇಲುಗೈ ಪಡೆಯುತ್ತದೆ; ಒಂದು ಮಿತಿಯನ್ನು ದಾಟಿ ಹರಡಿದ ಮೇಲೆ ಒತ್ತಡ ಹೆಚ್ಚಾಗಿ ಹೊದಿಕೆ ಮೇಲೇಳುತ್ತದೆ. ಹೊದಿಕೆ ದಪ್ಪವಾದಷ್ಟೂ ಈ ಮಿತಿ ದೊಡ್ಡದು. ಈ ವಿವರಣೆ ಸರಿಯಾಗಿದ್ದರೆ ಆಳದಲ್ಲಿರುವ ಲ್ಯಾಕೊಲಿತ್‌ಗಳು ದೊಡ್ಡವಾಗಿಯೂ ಮೇಲಿನ ಪದರಗಳಲ್ಲಿರುವವು ಚಿಕ್ಕವಾಗಿಯೂ ಇರಬೇಕು. ಗಿಲ್ಬರ್ಟ್ ತಾವು ಅಳೆದ ವ್ಯಾಸಗಳನ್ನು ಇದರ ಎದುರು ಇಟ್ಟು ನೋಡಿದರು, ಅವು ಹೊಂದಿಕೆಯಾದವು. ತಮ್ಮ ಊಹೆಯಿಂದ ಹೊರಡುವ ಫಲಿತವನ್ನು ಮೊದಲು ಹೇಳಿ, ಅದು ನಿಜವೇ ಎಂದು ಕ್ಷೇತ್ರದಲ್ಲಿ ನೋಡುವ ಈ ಕ್ರಮವೇ ಅವರ ಬರವಣಿಗೆಯ ಬೆನ್ನೆಲುಬು.

ವರದಿಯಲ್ಲಿ ಭೂಮಿಯ ಕೆತ್ತನೆಯನ್ನು ಕುರಿತ ಒಂದು ಅಧ್ಯಾಯವಿದೆ. ಹರಿಯುವ ನೀರು, ಅದು ಹೊರುವ ಮರಳುಕಲ್ಲುಗಳ ಹೊರೆ, ಇಳಿಜಾರು ಇವು ಮೂರೂ ಒಂದನ್ನೊಂದು ತಿದ್ದುತ್ತ ಸಮತೋಲನದ ಕಡೆಗೆ ಸಾಗುತ್ತವೆ ಎಂಬ ವಿಚಾರ ಅಲ್ಲಿ ನಿರೂಪಿತವಾಗಿದೆ. ಒಂದು ಹಳ್ಳದ ಇಳಿಜಾರು ಬದಲಾದರೆ ಅದರ ಪರಿಣಾಮ ಪಕ್ಕದ ಇಳಿಜಾರಿಗೂ ಅಲ್ಲಿಂದ ಮುಂದಕ್ಕೂ ಹಬ್ಬುತ್ತದೆ. ಇಪ್ಪತ್ತನೆಯ ಶತಮಾನದ ಭೂರೂಪವಿಜ್ಞಾನ ಮತ್ತೆ ಮತ್ತೆ ಮರಳಿದ್ದು ಈ ಅಧ್ಯಾಯಕ್ಕೆ.

5

1879ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸ್ಥಾಪನೆಯಾದಾಗ ಗಿಲ್ಬರ್ಟ್ ಅದರ ಮೊದಲ ಹಿರಿಯ ಭೂವಿಜ್ಞಾನಿಗಳಲ್ಲಿ ಒಬ್ಬರಾದರು. ಅವರಿಗೆ ವಹಿಸಿದ ಕೆಲಸ ಬಾನವಿಲ್ ಸರೋವರದ ಅಧ್ಯಯನ. ಇಂದಿನ ಗ್ರೇಟ್ ಸಾಲ್ಟ್ ಲೇಕ್ ಒಂದು ಕಾಲಕ್ಕೆ ಸುಮಾರು 51,000 ಚದರ ಕಿಲೋಮೀಟರ್ ಹರಡಿದ್ದ ಸಿಹಿನೀರಿನ ಸರೋವರದ ಅವಶೇಷ. ಮರುಭೂಮಿಯ ಬೆಟ್ಟಗಳ ಇಳಿಜಾರುಗಳಲ್ಲಿ ಅದರ ದಡದ ಗೆರೆಗಳು ಇನ್ನೂ ಉಳಿದಿವೆ. ದಡ ಎಲ್ಲೆಡೆ ಒಂದೇ ಎತ್ತರದಲ್ಲಿರಬೇಕು. ಆದರೆ ಸರೋವರದ ನಡುವೆ ದ್ವೀಪಗಳಾಗಿದ್ದ ಬೆಟ್ಟಗಳ ಮೇಲಿನ ಗೆರೆ ಅಂಚಿನ ಗೆರೆಗಿಂತ ಹತ್ತಾರು ಮೀಟರ್ ಎತ್ತರದಲ್ಲಿತ್ತು. ನೀರಿನ ಭಾರಕ್ಕೆ ತಗ್ಗಿದ್ದ ಭೂಮಿ, ನೀರು ಬತ್ತಿದ ಮೇಲೆ ಮರಳಿ ಉಬ್ಬಿದೆ ಎಂದು ಗಿಲ್ಬರ್ಟ್ ವಿವರಿಸಿದರು. 1890ರಲ್ಲಿ ಆ ಬೃಹತ್ ಪ್ರಬಂಧ ಸಂಸ್ಥೆಯ ಮೊದಲ ಮಾನೋಗ್ರಾಫ್ ಆಗಿ ಹೊರಬಂದಿತು.

ಈ ನಡುವೆ 1883ರಲ್ಲಿ ಸಾಲ್ಟ್ ಲೇಕ್ ಸಿಟಿಯ ನಾಗರಿಕರನ್ನುದ್ದೇಶಿಸಿ ಅವರು ಪತ್ರಿಕೆಗೆ ಒಂದು ಲೇಖನ ಬರೆದರು. ವಾಸಾಚ್ ಪರ್ವತದ ಬುಡದಲ್ಲಿ ಉದ್ದಕ್ಕೂ ಕಾಣುವ ಸ್ತರಭಂಗದ ಹೊಸ ಕಡಿದಾದ ಅಂಚುಗಳು ಆ ನಗರದ ಬಳಿ ಕಾಣುವುದಿಲ್ಲ. ಅಲ್ಲಿ ಬಹುಕಾಲದಿಂದ ಭೂಕಂಪವಾಗಿಲ್ಲ, ಆದ್ದರಿಂದ ಒತ್ತಡ ಸಂಚಯವಾಗುತ್ತಿದೆ, ಮುಂದಿನ ಅಪಾಯ ಅಲ್ಲೇ ಹೆಚ್ಚು ಎಂಬುದು ಅವರ ತರ್ಕ. ಕುರುಹಿನ ಅಭಾವವನ್ನೂ ಆಧಾರವಾಗಿ ಓದುವ ರೀತಿ ಇದು. ಅದೇ ವರ್ಷ ಅವರ ಪುಟ್ಟ ಮಗಳು ಡಿಫ್ತೀರಿಯಾ ರೋಗದಿಂದ ತೀರಿಕೊಂಡಳು. ಪತ್ನಿಯ ಆರೋಗ್ಯವೂ ಕ್ರಮೇಣ ಕೆಟ್ಟು, ಗಿಲ್ಬರ್ಟ್ ಅವರ ಮನೆಯ ಬದುಕು ಬಹುಪಾಲು ದುಃಖದಲ್ಲೇ ಕಳೆಯಿತು. ಪವೆಲ್ ನಿರ್ದೇಶಕರಾಗಿದ್ದ ಕಾಲದಲ್ಲಿ ಆಡಳಿತದ ಹೊರೆಯೂ ಅವರ ಹೆಗಲೇರಿತ್ತು.

6

1885ರ ಡಿಸೆಂಬರಿನಲ್ಲಿ ನಿಸರ್ಗ ವಿಜ್ಞಾನಿಗಳ ಸಂಘದ ಅಧ್ಯಕ್ಷರಾಗಿ ಮಾಡಿದ ಭಾಷಣದಲ್ಲಿ ಗಿಲ್ಬರ್ಟ್ ತಮ್ಮ ವಿಧಾನವನ್ನು ಬಾನವಿಲ್ ದಡಗಳ ಉದಾಹರಣೆಯ ಮೂಲಕವೇ ವಿವರಿಸಿದರು. ಸಂಶೋಧಕನು ಒಂದು ಊಹೆಗೆ ಅಂಟಿಕೊಳ್ಳದೆ ಹಲವು ಪ್ರಾಕ್ಕಲ್ಪನೆಗಳನ್ನು ಕಲ್ಪಿಸಿಕೊಳ್ಳಬೇಕು, ಪ್ರತಿಯೊಂದರಿಂದಲೂ ಪರೀಕ್ಷೆಗೆ ಒಳಪಡುವ ಫಲಿತವನ್ನು ಹೊರಡಿಸಬೇಕು, ತನಗೆ ಪ್ರಿಯವಾದುದನ್ನೇ ಹೆಚ್ಚು ಕಠಿಣವಾಗಿ ಪರೀಕ್ಷಿಸಬೇಕು ಎಂಬುದು ಅದರ ಸಾರ.

1891ರಲ್ಲಿ ಈ ವಿಧಾನಕ್ಕೆ ತಕ್ಕ ಸಮಸ್ಯೆಯೊಂದು ಎದುರಾಯಿತು. ಅರಿಜೋನಾದ ಕೂನ್ ಬ್ಯೂಟ್ ಎಂಬಲ್ಲಿ ಸುಮಾರು 1.2 ಕಿಲೋಮೀಟರ್ ಅಗಲದ ದುಂಡನೆಯ ಕುಳಿಯಿದೆ; ಸುತ್ತ ಉಲ್ಕಾಕಬ್ಬಿಣದ ತುಂಡುಗಳು ದೊರೆತಿದ್ದವು. ಗಿಲ್ಬರ್ಟ್ ಎರಡು ಪ್ರಾಕ್ಕಲ್ಪನೆಗಳನ್ನು ಮುಂದಿಟ್ಟುಕೊಂಡರು: ಆಕಾಶದಿಂದ ಬಿದ್ದ ಭಾರಿ ಉಲ್ಕೆಯ ಆಘಾತ, ಇಲ್ಲವೇ ನೆಲದಡಿಯ ಹಬೆಯ ಸ್ಫೋಟ. ಉಲ್ಕೆ ಬಿದ್ದಿದ್ದರೆ ಅದು ಕೆಳಗೆ ಹುದುಗಿರಬೇಕು. ಆಗ ಕುಳಿಯ ಒಂದು ಭಾಗವನ್ನು ಅದೇ ತುಂಬಿರುವುದರಿಂದ ಹೊರಗೆ ಚಿಮ್ಮಿದ ಕಲ್ಲುಮಣ್ಣಿನ ಪ್ರಮಾಣ ಕುಳಿಯ ಗಾತ್ರಕ್ಕಿಂತ ಹೆಚ್ಚಿರಬೇಕು. ಕಬ್ಬಿಣದ ರಾಶಿ ಕಾಂತಸೂಚಿಯನ್ನು ಸೆಳೆಯಬೇಕು. ಅವರು ಕುಳಿಯ ವಿವರವಾದ ನಕ್ಷೆ ತೆಗೆದರು, ಲೆಕ್ಕ ಹಾಕಿದರು. ಎರಡು ಪ್ರಮಾಣಗಳೂ ಸಮನಾಗಿದ್ದವು. ಸೂಚಿ ಅಲುಗಲಿಲ್ಲ. ಉಲ್ಕೆಯ ಊಹೆಯನ್ನು ಕೈಬಿಟ್ಟು ಹಬೆಯ ಸ್ಫೋಟವೆಂದು ತೀರ್ಮಾನಿಸಿ, ಇಡೀ ವಿಚಾರಸರಣಿಯನ್ನು 1896ರಲ್ಲಿ ಪ್ರಕಟಿಸಿದರು. ಇದೇ ಗಿಲ್ಬರ್ಟ್ 1892ರಲ್ಲಿ ದೂರದರ್ಶಕದ ಮೂಲಕ ಹದಿನೆಂಟು ರಾತ್ರಿ ಚಂದ್ರನನ್ನು ವೀಕ್ಷಿಸಿ, ಅಲ್ಲಿನ ಕುಳಿಗಳು ಆಘಾತದಿಂದಲೇ ಆದವು ಎಂದು ಸರಿಯಾಗಿ ವಾದಿಸಿದ್ದರು ಎಂಬುದು ಕುತೂಹಲಕರ.

ಕೂನ್ ಬ್ಯೂಟ್‌ನಲ್ಲಿ ಅಳತೆಗಳು ತಪ್ಪಿರಲಿಲ್ಲ. ಬಿದ್ದ ಉಲ್ಕೆ ಇಡಿಯಾಗಿ ಕೆಳಗೆ ಇರಲೇಬೇಕು ಎಂದು ಪರೀಕ್ಷೆಯ ಹಿಂದೆ ಅಡಗಿದ್ದ ಗ್ರಹಿಕೆ ತಪ್ಪಾಗಿತ್ತು. ಅತಿವೇಗದ ಆಘಾತದಲ್ಲಿ ಉಲ್ಕೆಯ ಬಹುಭಾಗ ಆವಿಯಾಗಿ, ಕರಗಿ, ಚೂರಾಗಿ ಚೆದರುತ್ತದೆ ಎಂಬ ಜ್ಞಾನ ಆಗ ಇರಲಿಲ್ಲ.

7

ಕೊನೆಯ ಎರಡು ದಶಕಗಳಲ್ಲಿಯೂ ಗಿಲ್ಬರ್ಟ್ ಕೆಲಸ ನಿಲ್ಲಿಸಲಿಲ್ಲ. 1899ರಲ್ಲಿ ಹ್ಯಾರಿಮನ್ ತಂಡದೊಡನೆ ಅಲಾಸ್ಕಾದ ಹಿಮನದಿಗಳನ್ನು ನೋಡಿಬಂದರು. 1900ರಲ್ಲಿ ಲಂಡನ್ನಿನ ಭೂವೈಜ್ಞಾನಿಕ ಸಂಘದ ವೊಲಾಸ್ಟನ್ ಪದಕ ದೊರೆಯಿತು. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ತನಿಖಾ ಆಯೋಗದ ಸದಸ್ಯರಾಗಿದ್ದರು. ಚಿನ್ನದ ಗಣಿಗಾರಿಕೆಯಲ್ಲಿ ನೀರಿನ ರಭಸದಿಂದ ಕೆಡವಿದ ಮಣ್ಣು ಕ್ಯಾಲಿಫೋರ್ನಿಯದ ನದಿಗಳನ್ನು ತುಂಬಿದ ಬಗೆಯನ್ನು ಪರೀಕ್ಷಿಸಲು ಬರ್ಕ್ಲಿಯಲ್ಲಿ ಕೃತಕ ಕಾಲುವೆಗಳನ್ನು ಕಟ್ಟಿ ಪ್ರಯೋಗ ನಡೆಸಿದರು. 1914 ಮತ್ತು 1917ರಲ್ಲಿ ಅದರ ಫಲಿತಾಂಶಗಳು ಪ್ರಕಟವಾದವು. ಹೆನ್ರಿ ಪರ್ವತಗಳಲ್ಲಿ ಬರಿಗಣ್ಣಿನಿಂದ ಕಂಡ ನೀರು ಮತ್ತು ಹೊರೆಯ ಸಂಬಂಧವನ್ನು ಅವರು ಅಳತೆಗೆ ಒಳಪಡಿಸಿದ್ದು ಹೀಗೆ.

ಯೌವನದಲ್ಲಿ ಮಂಡಿಸಿದ ಸ್ತರಭಂಗದ ವಾದವನ್ನು 1901ರಲ್ಲಿ ಜೋಸಯಾ ಸ್ಪರ್ ಪ್ರಶ್ನಿಸಿದರು. ಗಿಲ್ಬರ್ಟ್ ಕೂಡಲೇ ಪ್ರತಿವಾದ ಬರೆಯಲಿಲ್ಲ. ಯೂಟಾದ ಹೌಸ್ ರೇಂಜ್ ಎಂಬ ಮರುಭೂಮಿಯ ಬೆಟ್ಟಸಾಲಿಗೆ ಹೋಗಿ ಮತ್ತೆ ನಕ್ಷೆ ತೆಗೆಸಿದರು. ಎಪ್ಪತ್ತು ದಾಟಿದ ಮೇಲೂ ಆ ಸಾಲುಗಳಿಗೆ ಮರಳಿದರು. ಆ ಬರಹ ಪೂರ್ಣಗೊಳ್ಳುವ ಮೊದಲೇ, 1918ರ ಮೇ 1ರಂದು, ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಐದು ದಿನಗಳಿರುವಾಗ, ತಾವು ಹಿಂದೆ ಉಪಾಧ್ಯಾಯರಾಗಿದ್ದ ಜಾಕ್ಸನ್ ಊರಿನಲ್ಲಿಯೇ ನಿಧನರಾದರು. ಅಪೂರ್ಣ ಹಸ್ತಪ್ರತಿ 1928ರಲ್ಲಿ ಪ್ರಕಟವಾಯಿತು.

8

ಅವರ ಎರಡು ತೀರ್ಮಾನಗಳ ಮುಂದಿನ ಕಥೆಯನ್ನು ಹೋಲಿಸಿ ನೋಡಬಹುದು. ಚಾರ್ಲ್ಸ್ ಹಂಟ್ 1930ರ ದಶಕದಲ್ಲಿ ಹೆನ್ರಿ ಪರ್ವತಗಳ ಹೊಸ ನಕ್ಷೆ ತಯಾರಿಸಿ 1953ರಲ್ಲಿ ವರದಿ ಪ್ರಕಟಿಸಿದರು. ಪ್ರತಿ ಬೆಟ್ಟದ ನಡುವೆ ಆಳಕ್ಕೆ ಇಳಿದ ಕಂಬದಂಥ ಶಿಲಾರಾಶಿಯಿದೆ, ಅದರಿಂದ ಲ್ಯಾಕೊಲಿತ್‌ಗಳು ನಾಲಗೆಗಳಂತೆ ಪಕ್ಕಕ್ಕೆ ಚಾಚಿವೆ ಎಂಬುದು ಅವರ ಮತ. ಗಿಲ್ಬರ್ಟ್ ಹೇಳಿದ ತಳ ಮಟ್ಟಸವಾದ ಗುಮ್ಮಟಗಳ ಚಿತ್ರ ಇದರಿಂದ ಹಿಂದೆ ಸರಿಯಿತು. 1988ರಲ್ಲಿ ಮೇರಿ ಜಾಕ್ಸನ್ ಮತ್ತು ಡೇವಿಡ್ ಪೊಲಾರ್ಡ್ ದಕ್ಷಿಣದ ಮೂರು ಬೆಟ್ಟಗಳನ್ನು ಮತ್ತೆ ಪರೀಕ್ಷಿಸಿ, ಪದರಗಳ ಬಾಗುವಿಕೆ ಗಿಲ್ಬರ್ಟ್ ಅವರ ವಿವರಣೆಗೇ ಹೆಚ್ಚು ಹೊಂದುತ್ತದೆ ಎಂದು ತೋರಿಸಿದರು. ಅದೇ ವರ್ಷ ಗಿಲ್ಬರ್ಟ್ ಅವರ ಕ್ಷೇತ್ರ ಟಿಪ್ಪಣಿಗಳನ್ನು ಸಂಪಾದಿಸಿ ಪ್ರಕಟಿಸಿದವರು ಸ್ವತಃ ಹಂಟ್. ಭಿನ್ನಮತ ಹೊಂದಿದ ವಿದ್ವಾಂಸನೊಬ್ಬ ತಾನು ವಿರೋಧಿಸಿದವನ ಮೂಲ ಆಕರವನ್ನು ಎಲ್ಲರ ಕೈಗೆ ಸಿಗುವಂತೆ ಮಾಡಿದ್ದು ವಿದ್ವತ್ತಿನ ದೊಡ್ಡ ನಡೆ. ಬಿಡಿಸಂಗತಿಗಳಲ್ಲಿ ತಿದ್ದುಪಡಿಗಳಾಗಿವೆ. ಗಿಲ್ಬರ್ಟ್ ಟ್ರಾಕೈಟ್ ಎಂದು ಕರೆದ ಶಿಲೆಯನ್ನು ಈಗ ಡಯೊರೈಟ್ ಪಾರ್ಫಿರಿ ಎನ್ನುತ್ತಾರೆ. ಅದರ ವಯಸ್ಸು ಸುಮಾರು 3.1 ಕೋಟಿಯಿಂದ 2.3 ಕೋಟಿ ವರ್ಷ ಎಂದು ಗೊತ್ತಾಗಿದೆ.

ಕೂನ್ ಬ್ಯೂಟ್‌ನ ಕಥೆ ಬೇರೆ ದಿಕ್ಕಿನದು. ಗಣಿ ಉದ್ಯಮಿ ಡೇನಿಯಲ್ ಬ್ಯಾರಿಂಜರ್ ಆಘಾತದ ಪರವಾಗಿ ವಾದಿಸಿ, ಹುದುಗಿದ ಕಬ್ಬಿಣಕ್ಕಾಗಿ ದಶಕಗಳ ಕಾಲ ನೆಲ ಕೊರೆಸಿದರು. ಮೂಲದ ಬಗ್ಗೆ ಅವರ ಮಾತು ಸರಿ. ಆದರೆ ಗಿಲ್ಬರ್ಟ್ ಅವರ ಅದೇ ತಪ್ಪು ಗ್ರಹಿಕೆ ಅವರನ್ನೂ ಆಳಿತು. ನಿರೀಕ್ಷಿಸಿದ ರಾಶಿ ದೊರೆಯಲೇ ಇಲ್ಲ. 1960ರಲ್ಲಿ ಯೂಜೀನ್ ಶೂಮೇಕರ್ ಮತ್ತು ಸಹೋದ್ಯೋಗಿಗಳು ಅಲ್ಲಿಯ ಮರಳುಗಲ್ಲಿನಲ್ಲಿ ಅತಿ ಒತ್ತಡದಲ್ಲಿ ಮಾತ್ರ ಉಂಟಾಗುವ ಕೊಯೆಸೈಟ್ ಖನಿಜವನ್ನು ಗುರುತಿಸಿದ ಮೇಲೆ ಆಘಾತದ ವಾದ ಸ್ಥಿರವಾಯಿತು.

ಗಿಲ್ಬರ್ಟ್ ತಮ್ಮ ನಕ್ಷೆ, ಅಳತೆ, ಪ್ರಾಕ್ಕಲ್ಪನೆ, ಪರೀಕ್ಷೆ ಇವುಗಳನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದರು. ಆದ್ದರಿಂದಲೇ ತಪ್ಪು ಯಾವ ಮೆಟ್ಟಿಲಲ್ಲಿ ನುಸುಳಿತು ಎಂದು ಇಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುತ್ತದೆ. ಹೆನ್ರಿ ಪರ್ವತಗಳ ವಿಷಯದಲ್ಲಿ ಅವರ ಪರವಾಗಿ ನಿಂತದ್ದೂ ಇದೇ ಪಾರದರ್ಶಕತೆ. ನೂರು ವರ್ಷಗಳ ಅನಂತರವೂ ಅವರ ತರ್ಕವನ್ನು ಹೊಸ ಅಳತೆಗಳೊಡನೆ ನೇರವಾಗಿ ಹೋಲಿಸಬಹುದಾಗಿತ್ತು. ಕವಿಯ ಕಾಲ, ಶಾಸನದ ಪಾಠ, ಸ್ಥಳನಾಮದ ನಿಷ್ಪತ್ತಿ ಮುಂತಾದ ಸಮಸ್ಯೆಗಳಲ್ಲಿ ತೊಡಗಿರುವ ಕನ್ನಡ ಸಂಶೋಧಕರಿಗೂ ಈ ನಿದರ್ಶನ ಅನ್ವಯಿಸುತ್ತದೆ. ನಮ್ಮ ತೀರ್ಮಾನಗಳು ಎಷ್ಟು ಕಾಲ ನಿಲ್ಲುತ್ತವೆ ಎಂಬುದು ನಮ್ಮ ಕೈಯಲ್ಲಿಲ್ಲ. ಅವುಗಳಿಗೆ ನಾವು ಹೇಗೆ ಬಂದೆವು, ಯಾವ ಪರ್ಯಾಯಗಳನ್ನು ಯಾವ ಕಾರಣಕ್ಕೆ ಬಿಟ್ಟೆವು, ಯಾವುದನ್ನು ಪರೀಕ್ಷಿಸದೆ ಒಪ್ಪಿಕೊಂಡೆವು ಎಂಬುದನ್ನು ದಾಖಲಿಸುವುದು ಮಾತ್ರ ನಮ್ಮ ಕೈಯಲ್ಲಿದೆ.